ಕಡೀ ಕೈ

ಹೈದರಾಬಾದ
೧೨ ಜೂನ್ ೨೦೨೩

ಪ್ರಿಯ ಚಂದ್ರಾ,

ನೀನು ನನ್ನ ನಂಬರನ್ನು ಬ್ಲಾಕ್ ಮಾಡಿರುವುದರಿಂದ ಈ ಪತ್ರ. ಅಪ್ಪನ ಫೋನಿನಿಂದ ಮಾಡಬಹುದಿತ್ತು. ಆದರೆ ನನ್ನ ದನಿ ಕೇಳಿದ ಕೂಡಲೇ ನೀನು ಅದನ್ನೂ ಬ್ಲಾಕ್ ಮಾಡುತ್ತೀ, ಆಮೇಲೆ ಅಪ್ಪ ನನ್ನ ಮೇಲೆ ಎಗರಾಡುತ್ತಾರೆ. ಅಂಚೆಯವರನ್ನು ಬ್ಲಾಕ್ ಮಾಡಲು ಬರುವುದಿಲ್ಲ ಎಂದು ನಂಬಿ ಬರೆಯುತ್ತಿದ್ದೇನೆ.

ಕೇಳುವುದು ಒಂದೇ ಪ್ರಶ್ನೆ. ಉತ್ತರ ಕೊಟ್ಟು ಬೇಕಾದರೆ ಇನ್ನೆರಡು ವರ್ಷ ಮಾತು ಬಿಡು.

ನಿಯೋಬಿಯಂ ಮತ್ತು ಟ್ಯಾಂಟಲಂ ಬೆರೆಸಿ ನಾವು ಮಾಡಿದ ಸರಳುಗಳು ನೆನಪಿವೆಯಲ್ಲ, ಬೆಂಕಿಕಡ್ಡಿಗಿಂತ ತುಸು ದಪ್ಪನೆಯವು. ದ್ರವ ಹೀಲಿಯಂನ ಚಳಿಯಲ್ಲಿ ಅವುಗಳೊಳಗೆ ವಿದ್ಯುತ್ತು ಎಳ್ಳಷ್ಟೂ ತಡೆಯಿಲ್ಲದೆ ಹರಿಯುತ್ತದೆ. ಕಾಂತಕ್ಷೇತ್ರವನ್ನು ಏರಿಸುತ್ತ ಹೋದರೆ ಒಂದು ಹಂತದಲ್ಲಿ ಒಳಗಿನ ಲೋಹ ಸೋಲುತ್ತದೆ, ಮೈಮೇಲಿನ ತೆಳು ಪದರ ಮಾತ್ರ ಹಟ ಹಿಡಿದು ಹರಿಸುತ್ತಲೇ ಇರುತ್ತದೆ. ಆ ಹಟಕ್ಕೂ ಒಂದು ಮಿತಿ ಉಂಟು. ಒಳಗು ಸೋತ ಕ್ಷೇತ್ರದ ಒಂದೂ ಮುಕ್ಕಾಲು ಪಟ್ಟಿನ ಹತ್ತಿರ ಬರುವಷ್ಟರಲ್ಲಿ ಮೈಯೂ ಸೋಲಬೇಕು. ನಮ್ಮ ಸರಳುಗಳು ಎರಡೂವರೆ ಪಟ್ಟಿನವರೆಗೂ ಸೋಲಲಿಲ್ಲ. ಹೋದ ವರ್ಷದ ಲೇಖನಕ್ಕೆ ಹೆಸರು ಬಂದದ್ದು ಅದಕ್ಕೇ, ನನಗೆ ಪಿಎಚ್‌ಡಿ ಸಿಗಬೇಕಾದದ್ದೂ ಅದಕ್ಕೇ.

ಈಗ ಕೇಳು. ಆ ಹಳೆಯ ಸರಳುಗಳನ್ನೆಲ್ಲ ಸೂಕ್ಷ್ಮದರ್ಶಕಕ್ಕೆಂದು ಕತ್ತರಿಸಿ ಮುಗಿಸಿದ್ದೇವೆ. ಹೊಸದಾಗಿ ಮಾಡಿದ ಒಂದು ಸರಳೂ ಆ ಮಿತಿಯನ್ನು ದಾಟುತ್ತಿಲ್ಲ. ಹೊರದೇಶದ ಒಂದು ಗುಂಪಿನವರೂ ತಮಗೆ ಆಗುತ್ತಿಲ್ಲ ಎಂದು ಬರೆದು ಕೇಳಿದ್ದಾರೆ, ಭಾಳ ಸಭ್ಯವಾಗಿ. ಟ್ಯಾಂಟಲಂ ಸರಿಯಿಲ್ಲವೇನೋ ಎನ್ನುತ್ತಾರೆ ನಮ್ಮ ಗೈಡ್ ಸರ್. ನಾನು ಟ್ಯಾಂಟಲಂ ಬದಲಿಸಿ ನೋಡಿದೆ. ಕುಲುಮೆ ಬದಲಿಸಿ ನೋಡಿದೆ. ಉಳಿದ ವ್ಯತ್ಯಾಸ ಒಂದೇ, ಹಳೆಯವೆಲ್ಲ ನಿನ್ನ ಕೈಯಲ್ಲಿ ಆದವು, ಹೊಸವೆಲ್ಲ ನನ್ನ ಕೈಯಲ್ಲಿ.

ನೀನು ಏನು ಮಾಡಿದ್ದೆ? ಜನವರಿಯೊಳಗೆ ಪ್ರಬಂಧ ಒಪ್ಪಿಸಬೇಕು. ನಿಜವೋ ಸುಳ್ಳೋ ಗೊತ್ತಿಲ್ಲದ ಸಂಖ್ಯೆಯ ಮೇಲೆ ನನ್ನ ಹೆಸರು ಹಾಕಿ ಕೂರಲು ನನ್ನಿಂದ ಆಗುವುದಿಲ್ಲ.

ಲುಂಬಿನಿ


ಶಹಾಬಾದ
೨ ಜುಲೈ ೨೦೨೩

ಲುಂಬಿನಿಗೆ,

ಪತ್ರ ತಲುಪಿತು. ಅಂಚೆಯ ಹಾಜಿಮಲಂಗ್ ಅಣ್ಣ ಶೆಡ್ಡಿನ ಬಾಗಿಲಲ್ಲಿ ನಿಂತು, "ಕೈಲೆ ಬರದ ಪತ್ರ ಬಂದಾದವ್ವಾ, ಕೋರ್ಟಿಂದಲ್ಲ" ಎಂದು ಕಲ್ಲು ಕೊಯ್ಯುವ ಮಷಿನ್ನಿನ ಸದ್ದಿಗಿಂತ ಜೋರಾಗಿ ಸಾರಿದ. ಅಪ್ಪ, ಕಲ್ಲು ಉಜ್ಜುವ ರತ್ನಾಬಾಯಿ, ಲಾರಿಗೆ ಕಲ್ಲು ತುಂಬುವವರು, ಎಲ್ಲರೂ ನನ್ನ ಮುಖ ನೋಡಿದರು. ಯಾರ ಪತ್ರ ಎಂದು ಅಪ್ಪ ಕೇಳಲಿಲ್ಲ. ಅಕ್ಷರ ಗುರುತು ಹಿಡಿದಿರಬೇಕು.

ನಾನು ಮಾಡಿದ್ದೆಲ್ಲ ಪ್ರಯೋಗಾಲಯದ ಪುಸ್ತಕದಲ್ಲಿದೆ. ಕತ್ತರಿಸಿದ್ದು, ನಿರ್ವಾತದ ಕುಲುಮೆಯಲ್ಲಿ ಕಾಯಿಸಿ ನಿಧಾನವಾಗಿ ಆರಿಸಿದ್ದು, ಆಮ್ಲದಲ್ಲಿ ಅದ್ದಿದ್ದು, ತೊಳೆದದ್ದು, ಹತ್ತಿಯಲ್ಲಿ ಸುತ್ತಿಟ್ಟದ್ದು. ಬರೆಯದೆ ಏನೂ ಮಾಡಿಲ್ಲ. ನಿನಗೆ ಬರುತ್ತಿಲ್ಲ ಎಂದರೆ ಕುಣಿಯಲಾರದವಳಿಗೆ ನೆಲ ಡೊಂಕು ಎನ್ನಬೇಕಾಗುತ್ತದೆ.

ಲೇಖನವನ್ನು ನಾನೂ ಓದಿದೆ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಕೃತಜ್ಞತೆ ಹೇಳಿದ್ದೀರಿ, ಹೀಲಿಯಂ ತುಂಬಿಸಿದ ಬಾಬುಮಿಯಾ ಅವರಿಗೆ ಮತ್ತು ಸರಳುಗಳನ್ನು ಸಿದ್ಧಪಡಿಸಿದ ಕುಮಾರಿ ಚಂದ್ರಕಲಾ ಅವರಿಗೆ. ಬಾಬುಮಿಯಾನ ಹಿಂದೆ ನಿಲ್ಲಲು ನನಗೆ ಸಂಕೋಚವಿಲ್ಲ, ಅವರು ಒಳ್ಳೆಯವರು. ಆದರೆ ಆ ಸಂಖ್ಯೆಯನ್ನು ಮೊದಲು ಕಂಡಾಗ ಮೀಟರಿನ ಮುಂದೆ ಕೂತಿದ್ದವಳು ಯಾರು, ನಂಬದೆ ಮತ್ತೆ ಮೂರು ಸಲ ಅಳೆಸಿದವಳು ಯಾರು? ಅಪ್ಪನ ಭುಜದ ಮೇಲೆ ಫರಸಿ ಕಲ್ಲು ಬಿತ್ತೆಂದು ನಾನು ಊರಿಗೆ ಬಂದೆ. ಹಿಂತಿರುಗುವಷ್ಟರಲ್ಲಿ ನನ್ನ ಕುರ್ಚಿ ಬೇರೆಯವರಿಗೆ ಹೋಗಿತ್ತು, ನನ್ನ ಹೆಸರು ಕೆಳಗಿಳಿದಿತ್ತು.

ಈಗ ನಾನು ಚಿತ್ತಾಪುರದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ದಿನಾ ಶಹಾಬಾದದಿಂದ ವಾಡಿ, ವಾಡಿಯಲ್ಲಿ ರೈಲು ಬದಲಿಸಿ ಚಿತ್ತಾಪುರ. ನಮ್ಮ ಕಡೆ ಅತಿಥಿಗೆ ಮೂರನೇ ದಿನದ ಚಹಾ ಸಿಗುವುದಿಲ್ಲ, ನಾನು ಮಾತ್ರ ಎರಡು ವರ್ಷದಿಂದ ಅತಿಥಿ. ಚಿಂಚೋಳಿಯ ಒಂದು ಶಾಲೆಯವರು ಕಾಯಂ ಕೆಲಸಕ್ಕೆ ಕರೆದಿದ್ದಾರೆ, ಬರುವ ವರ್ಷದಿಂದ. ಹೋಗಬೇಕೆಂದಿದ್ದೇನೆ. ಚಳಿಯಲ್ಲಿ ಅದ್ದಿದ ಲೋಹದ ಋಣ ನನಗೆ ಮುಗಿಯಿತು.

ಚಂದ್ರಕಲಾ


ಹೈದರಾಬಾದ
೧೫ ಜುಲೈ ೨೦೨೩

ಪ್ರಿಯ ಚಂದ್ರಾ,

ಬೈದು ಬರೆದರೂ ಬರೆದೆಯಲ್ಲ, ಅದೇ ಸಾಕು.

ಹೆಸರಿನ ವಿಷಯ. ನಾನು ಬರೆದ ಕರಡಿನಲ್ಲಿ ನಿನ್ನ ಹೆಸರು ನನ್ನ ಹೆಸರಿನ ಪಕ್ಕದಲ್ಲೇ ಇತ್ತು. ಬಿಟ್ಟುಹೋದವರ ಹೆಸರು ಹಾಕುವ ಪದ್ಧತಿ ಇಲ್ಲವೆಂದು ಸರ್ ತೆಗೆದರು. ಅಂಥ ಪದ್ಧತಿ ಎಲ್ಲೂ ಇಲ್ಲವೆಂದು ಅವರಿಗೂ ಗೊತ್ತು, ನನಗೂ ಗೊತ್ತು. ನಾನು ಜಗಳ ಮಾಡಲಿಲ್ಲ. ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ, ಚೆನ್ನಾಗಿ ಹೇಳಿದರೆ ನೀನು ನಂಬುವುದೂ ಇಲ್ಲ.

ಇನ್ನು ಕೆಲಸ. ಪುಸ್ತಕದಲ್ಲಿ ಬರೆದಂತೆ ಅಕ್ಷರ ಬಿಡದೆ ಮಾಡಿದ ಸರಳುಗಳನ್ನು ಅಪ್ಪನ ಕೈಯಲ್ಲಿ ಕಳಿಸುತ್ತೇನೆ. ಅವರು ಮುಂದಿನ ತಿಂಗಳು ಇಲ್ಲಿಗೆ ಕಣ್ಣು ತೋರಿಸಲು ಬರುತ್ತಾರೆ, ವಾಡಿಗೆ ಹಿಂತಿರುಗಿದ ಮೇಲೆ ನಿಮ್ಮ ಶೆಡ್ಡಿಗೆ ಬರುತ್ತಾರೆ. ರೈಲ್ವೆಯಿಂದ ನಿವೃತ್ತರಾದ ಮೇಲೆ ಅವರಿಗೆ ರೈಲು ಹತ್ತಲು ಕಾರಣ ಬೇಕಷ್ಟೇ. ನೀನು ಸರಳುಗಳನ್ನು ನೋಡು, ಮುಟ್ಟು, ನಿನ್ನವುಗಳಿಗಿಂತ ಇವುಗಳಲ್ಲಿ ಏನು ಬೇರೆ ಎಂದು ಹೇಳು. ಬರೆಯದೆ ಮಾಡಿದ್ದು ಏನೂ ಇಲ್ಲ ಎನ್ನುತ್ತೀ. ಬರೆಯಬೇಕೆಂದು ಹೊಳೆಯದೆ ಮಾಡಿದ್ದು ಏನಾದರೂ ಇರಬಹುದೇ? ಸಿಟ್ಟು ಇಳಿಸದಿದ್ದರೂ ಪರವಾಗಿಲ್ಲ, ಸಿಟ್ಟಿನಲ್ಲೇ ಯೋಚಿಸು.

ಚಿಂಚೋಳಿಗೆ ಹೋಗುವ ಮಾತಿಗೆ ನಾನು ಏನೂ ಹೇಳುವುದಿಲ್ಲ. ಹೇಳುವ ಹಕ್ಕು ನನಗಿಲ್ಲ.

ಲುಂಬಿನಿ


ಶಹಾಬಾದ
೩ ಸೆಪ್ಟೆಂಬರ್ ೨೦೨೩

ಲುಂಬಿನಿಗೆ,

ಗೊತ್ತಾಯಿತು. ಈ ಪತ್ರವನ್ನು ಬರೆದು, ಹರಿದು, ಮತ್ತೆ ಬರೆಯುತ್ತಿದ್ದೇನೆ. ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ, ಸಿಟ್ಟನ್ನು ಆಮೇಲೆ ನೋಡಿಕೊಳ್ಳೋಣ.

ನಿಮ್ಮ ಅಪ್ಪ, ಭೀಮಶ್ಯಾ ಕಾಕಾ, ನಿನ್ನೆ ಬಂದರು. ಸರಳುಗಳನ್ನು ಸಣ್ಣ ಊಟದ ಡಬ್ಬಿಯಲ್ಲಿ ಹತ್ತಿಯ ನಡುವೆ ಮಲಗಿಸಿ ತಂದಿದ್ದರು. ರೈಲಿನಲ್ಲಿ ಯಾರೋ ಡಬ್ಬಿಯಲ್ಲಿ ಏನೆಂದು ಕೇಳಿದರಂತೆ, ಮಗಳ ಪಿಎಚ್‌ಡಿ ಎಂದರಂತೆ. ಅಪ್ಪ ಅವರಿಗೆ ಕಲ್ಲಿನ ಕಟ್ಟೆಯ ಮೇಲೆ ಗೋಣಿ ಹಾಸಿ ಕೂರಿಸಿದ. ಇಬ್ಬರೂ ವಾಡಿಯ ಹಳೆಯ ಉಗಿ ಎಂಜಿನ್ನುಗಳ ಮಾತಿಗೆ ಇಳಿದರು. ನಾನು ಒಂದು ಸರಳನ್ನು ಕೈಗೆ ತೆಗೆದುಕೊಂಡೆ.

ಚೆನ್ನಾಗಿಯೇ ಮಾಡಿದ್ದೀಯ. ಆದರೂ ಕೈಗೆ ಏನೋ ಕಡಿಮೆ ಅನ್ನಿಸಿತು. ಕಾಕಾ ನಿನ್ನ ಊಟ ನಿದ್ದೆಯ ಬಗ್ಗೆ ಏನೋ ಹೇಳುತ್ತಿದ್ದರು, ನಾನು ಹೂಂಗುಟ್ಟುತ್ತಿದ್ದೆ. ಆಗ ಅಪ್ಪ ಮಾತು ನಿಲ್ಲಿಸಿ ನನ್ನ ಕಡೆ ನೋಡಿದ. "ಅದಕೂ ಕಡೀ ಕೈ ಕೊಡಾಕತ್ತೀ ಏನವ್ವಾ?" ಎಂದ. ನಾನು ಕೆಳಗೆ ನೋಡಿದೆ. ನನ್ನ ಬಲಗೈಯಲ್ಲಿ ಕಂಬಳಿಯ ತುಂಡು ಇತ್ತು, ಅದರಲ್ಲಿ ಬಿಳಿ ಪುಡಿ ಇತ್ತು, ನಿನ್ನ ಸರಳಿನ ಅರ್ಧ ಮೈ ಹೊಳೆಯುತ್ತಿತ್ತು.

ನಿನಗೆ ಗೊತ್ತಿರಲಿಕ್ಕಿಲ್ಲ. ನಮ್ಮ ಶೆಡ್ಡಿನಲ್ಲಿ ಫರಸಿ ಕಲ್ಲನ್ನು ಮಷಿನ್ ಕೊಯ್ಯುತ್ತದೆ, ಮಷಿನ್ನೇ ಉಜ್ಜುತ್ತದೆ. ತೊಳೆದು ಒಣಗಿಸಿ ಗೋಡೆಗೆ ಒರಗಿಸಿದರೆ ಗಿರಾಕಿಯ ಮಟ್ಟಿಗೆ ಕೆಲಸ ಮುಗಿಯಿತು. ಅಪ್ಪನ ಮಟ್ಟಿಗೆ ಮುಗಿಯುವುದಿಲ್ಲ. ಲಾರಿಗೆ ಏರುವ ಮೊದಲು ಪ್ರತಿ ಕಲ್ಲನ್ನೂ ಹಳೆಯ ಕಂಬಳಿಯ ತುಂಡಿಗೆ ನುಣುಪು ಪುಡಿ ಹಚ್ಚಿ, ಅಂಗೈಯ ಭಾರ ಬಿಟ್ಟು, ಮೂಲೆಯಿಂದ ಮೂಲೆಗೆ ಒಂದು ಸಲ ತಿಕ್ಕುತ್ತಾನೆ. ಅದೇ ಕಡೀ ಕೈ, ಕೊನೆಯ ಕೈ. ಅದಿಲ್ಲದೆ ಕಲ್ಲು ಹೊರಗೆ ಹೋದರೆ ಮೈಮೇಲೆ ಬಟ್ಟೆಯಿಲ್ಲದೆ ಹೋದ ಹಾಗೆ ಎನ್ನುತ್ತಾನೆ. ನಾನು ಏಳು ವರ್ಷದವಳಿದ್ದಾಗಿನಿಂದ ಕೊಟ್ಟಿದ್ದೇನೆ. ಹೈದರಾಬಾದಿನಲ್ಲೂ ಆ ಕಂಬಳಿಯ ತುಂಡು ನನ್ನ ಚೀಲದಲ್ಲೇ ಇರುತ್ತಿತ್ತು. ಕಾಯಿಸಿ, ಆಮ್ಲದಲ್ಲಿ ಅದ್ದಿ, ತೊಳೆದು, ಎಲ್ಲ ಮುಗಿದ ಮೇಲೆ, ಹತ್ತಿಯಲ್ಲಿ ಸುತ್ತುವ ಮುನ್ನ ನಾನು ಪ್ರತಿ ಸರಳಿಗೂ ಕಡೀ ಕೈ ಕೊಟ್ಟಿದ್ದೇನೆ. ಪುಸ್ತಕದಲ್ಲಿ ಏಕೆ ಬರೆಯಲಿಲ್ಲ ಎಂದರೆ, ಊಟದ ನಂತರ ಕೈ ತೊಳೆದೆ ಎಂದು ಯಾರಾದರೂ ಬರೆಯುತ್ತಾರೆಯೇ?

ಇದರ ಅರ್ಥ ನಿನಗೆ ಈ ಸಾಲು ಓದುವ ಮೊದಲೇ ಆಗಿರುತ್ತದೆ. ಕುಲುಮೆಯಲ್ಲಿ ಕಾಯಿಸಿ ಲೋಹದ ಒಳಗಿನ ಸೆಡವನ್ನೆಲ್ಲ, ಬಿಗಿತವನ್ನೆಲ್ಲ ತೆಗೆದಿದ್ದೆವು. ನಾನು ತಿಕ್ಕಿ ತಿಕ್ಕಿ ಮೈಮೇಲಷ್ಟೇ ಮತ್ತೆ ಸೆಡವು ತುಂಬಿದೆ. ಆ ಹರಿವು ಕೂದಲಿನ ಸಾವಿರದಲ್ಲಿ ಒಂದು ಪಾಲಿನಷ್ಟು ತೆಳು ಪದರದಲ್ಲಿ ಇರುವಂಥದ್ದು. ಅಷ್ಟು ತೆಳುವಿಗೆ ನನ್ನ ಅಂಗೈಯ ಭಾರ ಧಾರಾಳ ಸಾಕು. ಸೆಡವು ತುಂಬಿದ ಲೋಹ ಹೆಚ್ಚು ಕ್ಷೇತ್ರ ತಾಳುತ್ತದೆ. ಹೀಗೆ ಮೈ ಬೇರೆ ಲೋಹವಾಯಿತು, ಒಳಗು ಬೇರೆ ಉಳಿಯಿತು. ನಾವು ಮೈಯ ಮಿತಿಯನ್ನು ಒಳಗಿನ ಲೆಕ್ಕಕ್ಕೆ ಹೋಲಿಸಿ ಎರಡೂವರೆ ಪಟ್ಟು ಎಂದು ಕುಣಿದೆವು. ಮಿತಿ ಮುರಿದಿರಲಿಲ್ಲ, ಲುಂಬಿ. ನಾನು ಪಾಲಿಶ್ ಮಾಡಿದ್ದೆ.

ಕಲ್ಲುಗಳ ಮೇಲೆ ಕೂತುಬಿಟ್ಟೆ. ಕಾಕಾ ನೀರು ತಂದುಕೊಟ್ಟರು. ಅಪ್ಪನಿಗೆ ಬಿಡಿಸಿ ಹೇಳಬೇಕಾಯಿತು. ಕಾಂತದ ಮುಂದೆ ಒಳಗಿನ ಲೋಹ ಸತ್ತ ಮೇಲೂ ಮೈ ಬದುಕಿರುತ್ತದೆ ಎಂದಾಗ, ನಮ್ಮ ರಾಜಕೀಯ ಪಾರ್ಟಿಗಳ ಹಾಗೆ ಎಂದು ನಕ್ಕ. ಕಡೀ ಕೈಯಿಂದಲೇ ಮೈ ಹೆಚ್ಚು ಹೊತ್ತು ಬದುಕಿತು, ಅದರಿಂದಲೇ ಲೆಕ್ಕ ತಪ್ಪಿತು ಎಂದಾಗ ನಗು ಹೋಯಿತು. "ನನ್ನ ಕೈ ಕೆಟ್ಟದ್ದಂತೇನು?" ಎಂದು ಕೇಳಿದ. ನಾನು ಸರಳನ್ನು ಮತ್ತೆ ಡಬ್ಬಿಯ ಹತ್ತಿಯೊಳಗೆ ಇಟ್ಟೆ. ಅವನ ಆ ಭುಜ ಇನ್ನೂ ಮೇಲಕ್ಕೆ ಏಳುವುದಿಲ್ಲ, ಆದರೂ ದಿನಾ ಕಡೀ ಕೈ ಅವನೇ ಕೊಡುತ್ತಾನೆ.

ಈಗ ಕೆಲಸ ಕೇಳು. ನಾನು ಅರ್ಧ ತಿಕ್ಕಿದ ಆ ಸರಳನ್ನು ಹಾಗೆಯೇ ಕಳಿಸುತ್ತಿದ್ದೇನೆ. ಉಳಿದರ್ಧ ಮುಟ್ಟಿಲ್ಲ. ನಡುವೆ ಒಂದು ತಂತಿ, ಎರಡು ತುದಿಗೆ ಎರಡು ತಂತಿ ಕಟ್ಟು. ಅದೇ ಚಳಿ, ಅದೇ ಕ್ಷೇತ್ರ, ಅದೇ ವಿದ್ಯುತ್ತು, ಎರಡು ಮೀಟರು. ಕಣ್ಣಿಗೆ ಯಾವ ಅರ್ಧ ಹೊಳೆಯುತ್ತದೆಂದು ಗೊತ್ತಾಗುತ್ತದೆ, ಆದ್ದರಿಂದ ಸರಳನ್ನು ಬಾಬುಮಿಯಾನ ಕೈಯಲ್ಲಿ ಇಳಿಸು. ಯಾವ ತುದಿ ಮೇಲಿದೆ ಎಂದು ಅಳತೆ ಮುಗಿಯುವವರೆಗೆ ಅವರು ನಿನಗೆ ಹೇಳಬಾರದು. ನೀನು ಆಸೆಪಡುವವಳು, ಮೀಟರನ್ನು ಆಸೆಯಿಂದ ನೋಡುತ್ತೀ.

ನಾನು ಸುಮ್ಮನಿದ್ದಿದ್ದರೆ ನಿನ್ನ ಪ್ರಬಂಧ ಜನವರಿಯಲ್ಲಿ ಒಪ್ಪಿತವಾಗುತ್ತಿತ್ತೇನೋ. ಆ ಯೋಚನೆಯೂ ಬಂತು. ನಿನ್ನ ಮೇಲಿನ ಪ್ರೀತಿಯಿಂದ ಬಂತೋ ಸಿಟ್ಟಿನಿಂದ ಬಂತೋ ನನಗೆ ತಿಳಿಯಲಿಲ್ಲ, ಅದಕ್ಕೇ ಅದನ್ನು ಬದಿಗಿಟ್ಟೆ.

ಚಂದ್ರಕಲಾ


ಹೈದರಾಬಾದ
೨೮ ಸೆಪ್ಟೆಂಬರ್ ೨೦೨೩

ಪ್ರಿಯ ಚಂದ್ರಾ,

ನೀನು ಹೇಳಿದ ಹಾಗೆಯೇ ಮಾಡಿದೆ. ಬಾಬುಮಿಯಾ ನನ್ನನ್ನು ಕೋಣೆಯಿಂದ ಹೊರಗೆ ನಿಲ್ಲಿಸಿ, ಬಾಗಿಲು ಹಾಕಿಕೊಂಡು ಸರಳನ್ನು ಇಳಿಸಿದರು. ಸೇಡಂನವರು ಅಲ್ಲವೇ, ಕೊಟ್ಟ ಮಾತಿಗೆ ಗಟ್ಟಿ. ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ.

ಕ್ಷೇತ್ರ ಏರಿಸಿದೆ. ಒಂದೂ ಮುಕ್ಕಾಲು ಪಟ್ಟಿನ ಹತ್ತಿರ ಕೆಳಗಿನ ಮೀಟರು ಎದ್ದಿತು. ಮೇಲಿನದು ಸೊನ್ನೆಯಲ್ಲೇ ಮಲಗಿತ್ತು. ಎರಡು ಪಟ್ಟು ದಾಟಿದೆ, ಮಲಗಿಯೇ ಇತ್ತು. ಎರಡೂವರೆಯ ಹತ್ತಿರ ಬಂದಾಗ ಅದೂ ಎದ್ದಿತು. ಕಾಗದದಲ್ಲಿ ಎರಡು ಗೆರೆ, ಒಂದೇ ಸರಳಿನವು. ಬಾಬುಮಿಯಾ ನನ್ನ ಹಿಂದೆ ನಿಂತು ನೋಡಿ, "ಹೊಳಿಯೋ ಬದಿ ಮ್ಯಾಲ ಇಟ್ಟಿದ್ದೆ ಬೇಟಿ. ಒಂದು ಬದಿ ಹೋಯ್ತು, ಒಂದು ಬದಿ ಜಿಂದಾ ಅದ" ಎಂದರು. ನನಗೆ ಅಳು ಬಂತು. ಹೀಲಿಯಂ ಖರ್ಚಾಗುತ್ತದೆಂದು ಅಳುತ್ತಲೇ ಕ್ಷೇತ್ರ ಇಳಿಸಿ ಮತ್ತೊಮ್ಮೆ ಅಳೆದೆ. ಅದೇ ಬಂತು.

ಸರ್‌ಗೆ ತೋರಿಸಿದೆ. ಬಹಳ ಹೊತ್ತು ಗೆರೆಗಳನ್ನು ನೋಡಿದರು. ಅವರು ಕೆಟ್ಟವರಲ್ಲ ಚಂದ್ರಾ, ಅವರಿಗೂ ಆ ಲೇಖನದ ಮೇಲೆ ಜೀವವಿತ್ತು. ಪ್ರಬಂಧದಲ್ಲಿ ಸರಳುಗಳ ಮೈ ಸಿದ್ಧಪಡಿಸಿದ ವಿಧಾನ ಎಂದು ಒಂದು ಸಾಲು ಸೇರಿಸಿದರೆ ಸಾಕು, ಪತ್ರಿಕೆಯವರಿಗೆ ನಾವಾಗಿ ಬರೆಯಬೇಕಿಲ್ಲ, ಯಾರೂ ನಮ್ಮನ್ನು ತಪ್ಪೆಂದು ಹಿಡಿದಿಲ್ಲವಲ್ಲ ಎಂದರು. ನಾನು ಕಾಗದಗಳನ್ನು ಎತ್ತಿಕೊಂಡೆ. ಎದ್ದು ಬಂದೆ.

ರಾತ್ರಿ ನಿರ್ಧಾರ ಮಾಡಿದ್ದೇನೆ. ತಿದ್ದುಪಡಿ ಬರೆಯುತ್ತೇನೆ. ಅದರಲ್ಲಿ ನನ್ನ ಮತ್ತು ಸರ್ ಹೆಸರು ಮಾತ್ರ ಇರುತ್ತದೆ. ಸರಳುಗಳನ್ನು ಉಜ್ಜಿದ್ದು ಯಾರೆಂದು ಹೇಳುವುದಿಲ್ಲ. ತಪ್ಪಿನ ಮಾತಿನಲ್ಲಿ ನಿನ್ನ ಹೆಸರು ಎಲ್ಲೂ ಬರದಂತೆ ನೋಡಿಕೊಳ್ಳುತ್ತೇನೆ. ಇಷ್ಟನ್ನಾದರೂ ನಿನಗಾಗಿ ಮಾಡಲು ಬಿಡು.

ಲುಂಬಿನಿ


ಶಹಾಬಾದ
೯ ಅಕ್ಟೋಬರ್ ೨೦೨೩

ಲುಂಬಿನಿ,

ಇಷ್ಟು ಓದಿದವಳು ಇಷ್ಟು ದಡ್ಡಿ ಹೇಗಾದೆ?

ಗೆದ್ದಾಗ ನನ್ನ ಹೆಸರು ಬೇಡವಾಯಿತು, ನಾನು ಬರೀ ಸರಳು ಉಜ್ಜಿದವಳಂತೆ. ಸೋತಾಗಲೂ ಬೇಡವಂತೆ, ಪಾಪದವಳಂತೆ. ಅಂದರೆ ಬಿಸಿಲಿಗೂ ನಾನು ಹೊರಗೆ, ಮಳೆಗೂ ನಾನು ಹೊರಗೆ. ಆ ಕಂಬಳಿ ನನ್ನದು, ಆ ಅಂಗೈ ನನ್ನದು, ಆ ತಪ್ಪೂ ನನ್ನದು. ಅದನ್ನು ಅರ್ಧ ಸರಳಿನಲ್ಲಿ ಹಿಡಿದು ತೋರಿಸಿದವಳೂ ನಾನು. ಇದನ್ನು ಕರುಣೆಯ ಹೆಸರಿನಲ್ಲಿ ನನ್ನಿಂದ ಕಸಿದುಕೊಂಡರೆ ನಾನು ನಿನ್ನನ್ನು ಈ ಜನ್ಮದಲ್ಲಿ ಕ್ಷಮಿಸುವುದಿಲ್ಲ. ಮೊದಲನೆಯದನ್ನು ಬೇಕಾದರೆ ಕ್ಷಮಿಸುತ್ತೇನೆ. ಕ್ಷಮಿಸಿಯೂ ಆಗಿದೆ, ನಿನ್ನ ಜುಲೈ ಪತ್ರ ಓದಿದ ದಿನವೇ. ಹೇಳಲಿಲ್ಲ ಅಷ್ಟೇ.

ನಮ್ಮ ಶೆಡ್ಡಿನಲ್ಲಿ ಒಂದು ಕಟ್ಟಳೆ ಇದೆ. ಪ್ರತಿ ಫರಸಿಯ ಬೆನ್ನಿಗೆ ಅದನ್ನು ಉಜ್ಜಿದವರ ಗುರುತು ಸುಣ್ಣದ ಕಡ್ಡಿಯಲ್ಲಿ ಹಾಕುತ್ತೇವೆ. ರತ್ನಾಬಾಯಿಯದು ಎರಡು ಗೀಟು, ನನ್ನದು ಅರ್ಧ ಚಂದ್ರ. ಕಲ್ಲು ಬಿರುಕು ಬಿಟ್ಟು ವಾಪಸು ಬಂದರೆ ಅಪ್ಪ ಬೈಯುತ್ತಾನೆ, ಆದರೆ ಗುರುತನ್ನು ಅಳಿಸಿದವರನ್ನು ಶೆಡ್ಡಿನಲ್ಲಿ ಇಟ್ಟುಕೊಳ್ಳುವುದಿಲ್ಲ. ನಿನ್ನ ಪತ್ರವನ್ನು ಅಪ್ಪನಿಗೆ ಓದಿ ಹೇಳಿದೆ. ಅವನು, "ಆ ಹುಡುಗಿಗಿ ಬರಿ, ನಮ್ಮ ಗುರುತು ನಾವೇ ಹಾಕ್ತೀವಿ ಅಂತ" ಎಂದ. ಬರೆದಿದ್ದೇನೆ.

ಎರಡನೆಯ ಮಾತು. ಬರೀ ತಿದ್ದುಪಡಿ ಬೇಡ. ಅಯ್ಯೋ ತಪ್ಪಾಯಿತು ಎಂದು ಒಂದು ಪುಟ ಬರೆದು ಮುಗಿಸುವುದು ಹೇಡಿಗಳ ಕೆಲಸ. ಒಂದು ಅಂಗೈ ಮತ್ತು ಕಂಬಳಿಯ ತುಂಡು ಲೋಹದ ಮೈಯನ್ನು ಇಷ್ಟು ಬದಲಿಸುತ್ತದೆ ಎಂದರೆ ಎಷ್ಟು ಆಳಕ್ಕೆ ಬದಲಿಸುತ್ತದೆ? ತಿಕ್ಕಿದ ಸರಳನ್ನು ಆಮ್ಲದಲ್ಲಿ ಸ್ವಲ್ಪವೇ ಅದ್ದು, ಅಳೆ. ಮತ್ತೆ ಸ್ವಲ್ಪ ಅದ್ದು, ಅಳೆ. ಈರುಳ್ಳಿ ಸುಲಿದ ಹಾಗೆ ಸುಲಿಯುತ್ತ ಹೋಗು. ಯಾವ ಸಿಪ್ಪೆಗೆ ಆ ಹೆಚ್ಚಿನ ಹಟ ಸತ್ತು ಪುಸ್ತಕದ ಮಿತಿಗೆ ಬಂದು ನಿಲ್ಲುತ್ತದೋ ಅಲ್ಲಿಗೆ ನನ್ನ ಕೈ ಮುಗಿಯಿತು ಎಂದರ್ಥ. ಹೊರದೇಶದ ಆ ಸಭ್ಯರಿಗೂ ಅದು ಬೇಕು. ನಾಳೆ ಯಾರೇ ಹೀಗೆ ಸರಳು ಹೊಳೆಸಿದರೂ ಮೋಸಹೋಗಬಾರದು.

ನೀನು ಮಾಡಿದ ಸರಳುಗಳನ್ನು ಕಳಿಸು, ನಾನು ಬೇರೆ ಬೇರೆ ಭಾರ ಬಿಟ್ಟು ತಿಕ್ಕಿ ವಾಪಸು ಕಳಿಸುತ್ತೇನೆ. ಅಂಗೈಯ ಭಾರವನ್ನು ತಕ್ಕಡಿಯ ಮೇಲೆ ಒತ್ತಿ ಬರೆದಿಡುತ್ತೇನೆ, ಈ ಸಲ ಎಲ್ಲವನ್ನೂ ಬರೆಯುತ್ತೇನೆ, ಕೈ ತೊಳೆದದ್ದನ್ನೂ. ಕಾಕಾಗೆ ರೈಲು ಹತ್ತಲು ಕಾರಣ ಸಿಕ್ಕಿತು ಎಂದು ಹೇಳು. ಪ್ರಬಂಧ ಜನವರಿಗೆ ಆಗುವುದಿಲ್ಲ. ಆಗದಿದ್ದರೆ ಆಗದು. ಸುಳ್ಳಿನ ಮೇಲೆ ಡಾಕ್ಟರ್ ಆಗುವುದಕ್ಕಿಂತ ತಡವಾಗಿ ಆಗು.

ಸರ್‌ಗೆ ಹೆದರಬೇಡ. ಈ ಸಲ ಜಗಳ ಮಾಡು.

ಚಂದ್ರಾ


ಹೈದರಾಬಾದ
೨೨ ಜನವರಿ ೨೦೨೪

ಪ್ರಿಯ ಚಂದ್ರಾ,

ಜಗಳ ಮಾಡಿದೆ. ಚೆನ್ನಾಗಿ ಮಾಡಿದೆನೋ ಇಲ್ಲವೋ ಗೊತ್ತಿಲ್ಲ. ಸರಳುಗಳು ಒಂದೊಂದಾಗಿ ಬಂದು, ಸುಲಿದ ಗೆರೆಗಳು ಒಂದರ ಕೆಳಗೆ ಒಂದು ಇಳಿಯುತ್ತ, ಕೊನೆಗೆ ಎಲ್ಲವೂ ಒಂದೇ ಕಡೆ ಬಂದು ನಿಂತದ್ದನ್ನು ಅವರ ಮೇಜಿನ ಮೇಲೆ ಹರಡಿದೆ. ಸರ್ ಕನ್ನಡಕ ತೆಗೆದು ಒರೆಸಿಕೊಂಡರು. ಇದು ಮೊದಲಿನದಕ್ಕಿಂತ ಒಳ್ಳೆಯ ಕೆಲಸ ಎಂದರು. ಇಷ್ಟು ಹೇಳಲು ಅವರಿಗೆ ಎಷ್ಟು ಕಷ್ಟವಾಯಿತೆಂದು ನಾನು ಕಂಡೆ, ಆ ಹೊತ್ತಿಗೆ ಅವರ ಮೇಲೆ ಗೌರವ ಬಂತು.

ಹಳೆಯ ಸಂಖ್ಯೆ ತಪ್ಪೆಂದು ಮೊದಲ ಸಾಲಿನಲ್ಲೇ ಹೇಳಿದ್ದೇವೆ. ಮೊದಲ ಹೆಸರು ನಿನ್ನದು. ಅದಕ್ಕೂ ಜಗಳ ಬೇಕಾಗುತ್ತದೆ ಎಂದುಕೊಂಡು ಸಿದ್ಧಳಾಗಿ ಹೋಗಿದ್ದೆ, ಬೇಕಾಗಲಿಲ್ಲ.

ಈಗ ಒಂದು ತೊಡಕು. ಹೆಸರಿನ ಕೆಳಗೆ ಸಂಸ್ಥೆಯ ವಿಳಾಸ ಹಾಕಬೇಕು. ನೀನು ಇಲ್ಲಿಯವಳಲ್ಲ. ನಿನ್ನ ಕಾಲೇಜಿಗೂ ಈ ಕೆಲಸಕ್ಕೂ ಸಂಬಂಧವಿಲ್ಲ, ಅತಿಥಿಗೆ ಅವರು ಒಪ್ಪಿಗೆ ಪತ್ರ ಕೊಡುವುದೂ ಇಲ್ಲವಂತೆ. ಕೆಲಸ ಎಲ್ಲಿ ನಡೆಯಿತೋ ಆ ಜಾಗ ಹಾಕಬಹುದು ಎಂದು ಪತ್ರಿಕೆಯವರು ಬರೆದಿದ್ದಾರೆ. ಏನು ಹಾಕಲಿ?

ಇನ್ನೊಂದು. ಜುಲೈಯಿಂದ ಇಲ್ಲಿ ಒಂದು ಕುರ್ಚಿ ಖಾಲಿಯಾಗುತ್ತದೆ. ನಿನ್ನನ್ನು ಕೇಳು ಎಂದು ಸರ್ ಹೇಳಿದರು, ನಾನು ಹೇಳಿಸಿದ್ದಲ್ಲ. ಚಿಂಚೋಳಿಯ ವಿಷಯ ಗೊತ್ತಿದ್ದೂ ಬರೆಯುತ್ತಿದ್ದೇನೆ. ಈ ಸಲ ಹಕ್ಕಿಲ್ಲದಿದ್ದರೂ ಹೇಳುತ್ತೇನೆ, ಬಾ.

ಲುಂಬಿನಿ


ಶಹಾಬಾದ
೨೮ ಜೂನ್ ೨೦೨೪

ಪ್ರಿಯ ಲುಂಬಿ,

ಲೇಖನವನ್ನು ಸ್ಟೇಷನ್ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದೆ. ಮೊದಲ ಹೆಸರು ಚಂದ್ರಕಲಾ. ಅದರ ಕೆಳಗೆ ಇಂಗ್ಲಿಷಿನಲ್ಲಿ ಜಟ್ಟೆಪ್ಪ ಫರಸಿ ಪಾಲಿಶ್ ಶೆಡ್, ಶಹಾಬಾದ, ಕಲಬುರಗಿ ಜಿಲ್ಲೆ. ಅಂಗಡಿಯವನು ಇದೇನು ಟೆಂಡರೋ ಎಂದು ಕೇಳಿದ. ಹೌದು ಎಂದೆ.

ಅಪ್ಪ ಕಾಗದವನ್ನು ಕೈಯಲ್ಲಿ ಹಿಡಿದು, ತನ್ನ ಹೆಸರಿನ ಮೇಲೆ ಬೆರಳಿಟ್ಟು ತೋರಿಸಲು ಹೇಳಿದ. ತೋರಿಸಿದೆ. ಆಮೇಲೆ ಮೆಲ್ಲಗೆ ಕೇಳಿದ. "ತಪ್ಪು ಅಂತ ಬರದೀರೋ, ಚಲೋ ಅಂತ ಬರದೀರೋ?"

"ಖರೇ ಅಂತ ಬರದೀವಿ," ಎಂದೆ.

ತನ್ನ ಕೈ ಕೆಟ್ಟದ್ದೇ ಎಂದು ಸೆಪ್ಟೆಂಬರಿನಲ್ಲಿ ಅವನು ಕೇಳಿದ ಪ್ರಶ್ನೆಗೆ ಅಂದು ಉತ್ತರ ಕೊಟ್ಟ ಹಾಗಾಯಿತು. ಕಾಗದವನ್ನು ಮಡಚದೆ ಒಂದು ಒಳ್ಳೆಯ ಫರಸಿಯ ಅಡಿಯಲ್ಲಿ ಇಟ್ಟಿದ್ದಾನೆ, ಗಾಳಿಗೆ ಹಾರಬಾರದೆಂದು. ಬಂದವರೆಲ್ಲರ ಮುಂದೆ ಆ ಕಲ್ಲನ್ನು ಎತ್ತಿ ತೋರಿಸುತ್ತಾನೆ. ಆ ಭುಜಕ್ಕೆ ಕಲ್ಲು ಎತ್ತಬೇಡವೆಂದು ಡಾಕ್ಟರು ಹೇಳಿದ್ದು ಈಗ ಯಾರಿಗೂ ನೆನಪಿಲ್ಲ.

ಚಿಂಚೋಳಿಯವರಿಗೆ ಬರುವುದಿಲ್ಲ ಎಂದು ತಿಳಿಸಿದೆ. ಕಾಯಂ ಕೆಲಸ ಬಿಟ್ಟವಳಿಗೆ ತಲೆ ಕೆಟ್ಟಿದೆ ಎಂದು ನೆಂಟರು ಹೇಳುತ್ತಿದ್ದಾರೆ. ರತ್ನಾಬಾಯಿ ಮಾತ್ರ, ಹೋಗೋದಾದ್ರ ಈಗಲೇ ಹೋಗು, ತಡ ಮಾಡಿದ್ರ ಮತ್ತ ಕುರ್ಚಿ ಹೋಗ್ತದ ಎಂದಳು. ಅಪ್ಪನ ಕೆಲಸಕ್ಕೆ ತಾನಿದ್ದೇನೆ ಎಂದೂ ಹೇಳಿದಳು. ಸೋಮವಾರ ವಾಡಿಯಲ್ಲಿ ರೈಲು ಹತ್ತುತ್ತೇನೆ. ಚಿತ್ತಾಪುರದಲ್ಲಿ ಈ ಸಲ ಇಳಿಯುವುದಿಲ್ಲ, ಸೇಡಂ ದಾಟಿ ನಿನ್ನ ಊರಿಗೆ ಬರುತ್ತೇನೆ. ನಿನ್ನ ನಂಬರನ್ನು ಇನ್ನೂ ಬ್ಲಾಕಿನಿಂದ ತೆಗೆದಿಲ್ಲ. ಎದುರುಬದುರು ಕೂತು ಜಗಳವಾಡುವವರಿಗೆ ಫೋನ್ ಏತಕ್ಕೆ?

ಒಂದು ಸರಳನ್ನು ಹೋಲಿಕೆಗೆಂದು ತಿಕ್ಕದೆ ಉಳಿಸಿದ್ದೆನಲ್ಲ, ಅದನ್ನು ನಾನೇ ತರುತ್ತಿದ್ದೇನೆ. ಇವತ್ತು ಸಾಮಾನು ಕಟ್ಟುವಾಗ ಅಪ್ಪ ಅದನ್ನು ಎತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದ. ಅವನ ಇನ್ನೊಂದು ಕೈ ತಾನಾಗಿ ಕಂಬಳಿಯ ತುಂಡಿನ ಕಡೆ ಹೋಯಿತು. ನಾನು ತಡೆಯಲಿಲ್ಲ. ಕಂಬಳಿಯನ್ನು ಮುಟ್ಟಿದ, ಮುಟ್ಟಿ ಹಾಗೆಯೇ ಬಿಟ್ಟ. ಸರಳನ್ನು ಹತ್ತಿಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ.

"ಹಂಗೇ ಹೋಗಲಿ," ಎಂದ.

ಈ ಶೆಡ್ಡಿನಿಂದ ಕಡೀ ಕೈ ಇಲ್ಲದೆ ಹೊರಗೆ ಹೋಗುತ್ತಿರುವುದು ಇದೊಂದೇ, ಲುಂಬಿ. ಜೋಪಾನವಾಗಿ ತರುತ್ತೇನೆ.

ನಿನ್ನ
ಚಂದ್ರಾ